ಕೋಶಚಿಕಿತ್ಸೆಯ ಟ್ರಯಲ್‌ಗೆ ಸೇರಬೇಕೆ? ಕ್ರೋನ್ಸ್ ರೋಗಿಯ ಮುಂದಿರುವ ಪ್ರಶ್ನೆ

2018ರ ಮಾರ್ಚ್‌ನಲ್ಲಿ ಯುರೋಪಿನಲ್ಲಿ ಆಲೋಫಿಸೆಲ್ ಎಂಬ ಮದ್ದಿಗೆ ಮಾರಾಟದ ಅನುಮತಿ ಸಿಕ್ಕಿತು. ದಾನಿಗಳ ಕೊಬ್ಬಿನಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದ 12 ಕೋಟಿ ಜೀವಂತ ಕೋಶಗಳೇ ಆ ಮದ್ದು. ಕ್ರೋನ್ಸ್ ರೋಗದಿಂದ ಗುದದ್ವಾರದ ಸುತ್ತ ಕೀವು ಸೋರುವ ಫಿಸ್ಟುಲಾ ಆದವರಿಗೆ, ಬೇರೆ ಔಷಧಗಳು ಕೈಕೊಟ್ಟಾಗ, ಒಂದೇ ಸಲ ಚುಚ್ಚಿ ಕೊಡುವಂಥದ್ದು. ದಾನಿಯ ಆಕರಕೋಶಗಳಿಂದ (ಸ್ಟೆಮ್ ಸೆಲ್) ತಯಾರಾದ ಮದ್ದೊಂದಕ್ಕೆ ಇಡೀ ಯುರೋಪ್ ಒಕ್ಕೂಟದ ಅನುಮತಿ ದೊರೆತದ್ದು ಅದೇ ಮೊದಲು. ಏಳು ವರ್ಷ ತುಂಬುವ ಮೊದಲೇ, 2024ರ ಡಿಸೆಂಬರ್‌ನಲ್ಲಿ, ತಯಾರಕ ಕಂಪನಿ ಟಕೇಡ ಅದನ್ನು ಯುರೋಪಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಮದ್ದಿನಿಂದ ಯಾರಿಗೋ ಅನಾಹುತವಾಯಿತು ಎಂಬ ಕಾರಣಕ್ಕಲ್ಲ. ಇನ್ನೂ ದೊಡ್ಡದಾದ ಎರಡನೆಯ ಪರೀಕ್ಷೆಯಲ್ಲಿ ಅದು ಹುಸಿಮದ್ದಿಗಿಂತ ಹೆಚ್ಚು ಗುಣ ಕೊಡುತ್ತದೆಂದು ತೋರಿಸಲಾಗಲಿಲ್ಲ.

ಕ್ರೋನ್ಸ್ ರೋಗಿಗಳಿಗೂ ಅವರ ಮನೆಯವರಿಗೂ ಈಗ 'ಸ್ಟೆಮ್ ಸೆಲ್ ಟ್ರಯಲ್ ಇದೆಯಂತೆ, ಸೇರೋಣವೆ?' ಎಂಬ ಪ್ರಶ್ನೆ ಆಗಾಗ ಎದುರಾಗುತ್ತದೆ. ಅದಕ್ಕೆ ಉತ್ತರ ಹುಡುಕಲು ಆಲೋಫಿಸೆಲ್‌ನ ಏಳುಬೀಳುಗಳಿಗಿಂತ ಒಳ್ಳೆಯ ಪಾಠ ಸಿಗಲಾರದು. ಟ್ರಯಲ್ ಎಂದರೆ ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆ. ಗೊತ್ತಿದ್ದರೆ ಅದು ಚಿಕಿತ್ಸೆಯಾಗಿರುತ್ತಿತ್ತು. ಸೇರುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದದ್ದು ಇದನ್ನೇ.

ರೋಗದ ಸ್ವಭಾವ

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಒಪೆನ್‌ಹೈಮರ್ ಸಣ್ಣ ಕರುಳಿನ ತುದಿಭಾಗ ಊದಿಕೊಂಡು ಹುಣ್ಣಾಗುವ ರೋಗವೊಂದನ್ನು ವಿವರಿಸಿ ಲೇಖನ ಪ್ರಕಟಿಸಿದರು. ಮೊದಲ ಲೇಖಕನ ಹೆಸರೇ ರೋಗಕ್ಕೆ ಅಂಟಿಕೊಂಡಿತು. ಬಾಯಿಯಿಂದ ಗುದದವರೆಗೆ ಜೀರ್ಣನಾಳದ ಯಾವ ಭಾಗದಲ್ಲಾದರೂ ಇದು ಬರಬಹುದು. ನಡುವೆ ಚೆನ್ನಾಗಿರುವ ಕರುಳನ್ನು ಬಿಟ್ಟು ಅಲ್ಲೊಂದು ಇಲ್ಲೊಂದು ಕಡೆ ಹುಣ್ಣೇಳುತ್ತದೆ. ಹುಣ್ಣು ಒಳಪದರದಲ್ಲಿ ನಿಲ್ಲದೆ ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯುತ್ತದೆ. ಹಾಗಾಗಿಯೇ ಕೆಲವರಿಗೆ ಕರುಳು ಕಿರಿದಾಗಿ ಕಟ್ಟಿಕೊಳ್ಳುತ್ತದೆ. ಕೆಲವರಿಗೆ ಗೋಡೆ ತೂತಾಗಿ ಪಕ್ಕದ ಅಂಗಕ್ಕೋ ಚರ್ಮಕ್ಕೋ ಸುರಂಗ ಕೊರೆಯುತ್ತದೆ. ಈ ಸುರಂಗವೇ ಫಿಸ್ಟುಲಾ. ಕ್ರೋನ್ಸ್ ಇರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಅದು ಕಾಡುತ್ತದೆ.

ಕಾರಣ ಒಂದೇ ಅಲ್ಲ. ವಂಶವಾಹಿಗಳು, ಕರುಳಿನ ಸೂಕ್ಷ್ಮಾಣುಗಳು, ಧೂಮಪಾನದಂಥ ಹೊರಗಿನ ಪ್ರಭಾವಗಳು ಸೇರಿ ದೇಹದ ರಕ್ಷಣಾ ವ್ಯವಸ್ಥೆ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಸ್ಟಿರಾಯ್ಡ್, ಅಜಾಥಯೋಪ್ರಿನ್‌ನಂಥ ಹಳೆಯ ಮದ್ದುಗಳ ಜೊತೆಗೆ 1998ರಲ್ಲಿ ಅಮೆರಿಕದಲ್ಲಿ ಇನ್‌ಫ್ಲಿಕ್ಸಿಮ್ಯಾಬ್‌ಗೆ ಅನುಮತಿ ಸಿಕ್ಕ ಮೇಲೆ ಬಯಾಲಾಜಿಕ್‌ಗಳ, ಅಂದರೆ ಜೀವಕೋಶಗಳಲ್ಲಿ ತಯಾರಿಸುವ ಪ್ರೋಟೀನು ಮದ್ದುಗಳ, ಕಾಲ ಆರಂಭವಾಯಿತು. ಅಡಾಲಿಮ್ಯಾಬ್, ವೆಡೋಲಿಜುಮ್ಯಾಬ್, ಉಸ್ಟೆಕಿನುಮ್ಯಾಬ್ ಬಂದವು. ಈಚೆಗೆ ಉಪಾಡಾಸಿಟಿನಿಬ್‌ನಂಥ ಮಾತ್ರೆಗಳೂ ಸೇರಿವೆ. ಆದರೂ ಫಿಸ್ಟುಲಾ ಮಾತ್ರ ಹಟಮಾರಿ. 1999ರಲ್ಲಿ ಪ್ರಕಟವಾದ 94 ರೋಗಿಗಳ ಪರೀಕ್ಷೆಯಲ್ಲಿ, ಕಡಿಮೆ ಪ್ರಮಾಣದ ಇನ್‌ಫ್ಲಿಕ್ಸಿಮ್ಯಾಬ್ ಪಡೆದವರ ಪೈಕಿ ಶೇ 55ರಷ್ಟು ಮಂದಿಯ ಫಿಸ್ಟುಲಾಗಳೆಲ್ಲ ಮುಚ್ಚಿದವು. ಮುಂದೆ ಮದ್ದನ್ನು ಮುಂದುವರಿಸಿಕೊಂಡು ಹೋದ ಇನ್ನೊಂದು ಪರೀಕ್ಷೆಯಲ್ಲಿ, ಮೊದಲು ಗುಣ ಕಂಡವರಲ್ಲೇ 54 ವಾರದ ಹೊತ್ತಿಗೆ ಪೂರ್ತಿ ಮುಚ್ಚಿ ಉಳಿದದ್ದು ಶೇ 36ರಷ್ಟು ಮಂದಿಗೆ. ಉಳಿದವರು ಏನು ಮಾಡಬೇಕು? ಕೋಶಚಿಕಿತ್ಸೆಯ ಆಸೆ ಮೊಳೆತದ್ದು ಈ ಜಾಗದಲ್ಲಿ.

ಮೂರು ದಾರಿಗಳು

'ಕೋಶಚಿಕಿತ್ಸೆ' ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಯಾದ ಮೂರು ವಿಧಾನಗಳಿವೆ. ಅಪಾಯವೂ ಒಂದೊಂದಕ್ಕೆ ಒಂದೊಂದು ಬಗೆ. ಟ್ರಯಲ್‌ನ ಮಾತು ಬಂದ ಕೂಡಲೇ ಇದು ಯಾವುದು ಎಂದು ಕೇಳಿಕೊಳ್ಳಬೇಕು.

ಮೊದಲನೆಯದು ರಕ್ತದ ಆಕರಕೋಶಗಳ ಕಸಿ. ರೋಗಿಯ ರಕ್ತದಿಂದಲೇ ಆಕರಕೋಶಗಳನ್ನು ತೆಗೆದಿಟ್ಟುಕೊಂಡು, ಸೈಕ್ಲೊಫಾಸ್ಫಮೈಡ್‌ನಂಥ ಪ್ರಬಲ ಕೀಮೊ ಮದ್ದಿನಿಂದ ಇರುವ ರಕ್ಷಣಾ ವ್ಯವಸ್ಥೆಯನ್ನು ಅಳಿಸಿ, ತೆಗೆದಿಟ್ಟದ್ದನ್ನು ಮತ್ತೆ ಏರಿಸುತ್ತಾರೆ. ಕಳೆ ಹತ್ತಿದ ಹೊಲವನ್ನು ಬೇರುಸಹಿತ ಉತ್ತು ಹೊಸದಾಗಿ ಬಿತ್ತಿದ ಹಾಗೆ. ಷಿಕಾಗೊದಲ್ಲಿ ನಡೆದ ಆರಂಭದ ಸಣ್ಣ ಅಧ್ಯಯನದಲ್ಲಿ 12 ಮಂದಿಯ ಪೈಕಿ 11 ಮಂದಿಗೆ ರೋಗ ತಣ್ಣಗಾಗಿತ್ತು. ಆ ಸುದ್ದಿ ದೊಡ್ಡ ಭರವಸೆ ಹುಟ್ಟಿಸಿತು. ಆಮೇಲೆ ಯುರೋಪಿನ ಕೇಂದ್ರಗಳು ಒಟ್ಟಾಗಿ 'ಆಸ್ಟಿಕ್' ಎಂಬ ಪರೀಕ್ಷೆ ನಡೆಸಿದವು. 45 ರೋಗಿಗಳಲ್ಲಿ 23 ಮಂದಿಗೆ ಕೂಡಲೇ ಕಸಿ. 22 ಮಂದಿಗೆ ವರ್ಷ ಕಳೆದ ಮೇಲೆ. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮದ್ದೇ ಇಲ್ಲದೆ ಲಕ್ಷಣಗಳೂ ಇಲ್ಲದೆ ಕರುಳೂ ಪೂರ್ತಿ ವಾಸಿಯಾಗಿರಬೇಕೆಂಬ ಕಠಿಣ ಅಳತೆಯನ್ನು ಮುಟ್ಟಿದವರು ಕಸಿಯ ಗುಂಪಿನಲ್ಲಿ ಇಬ್ಬರು, ಇನ್ನೊಂದರಲ್ಲಿ ಒಬ್ಬರು. ಗಂಭೀರ ಅಡ್ಡಪರಿಣಾಮಗಳು ಕಸಿಯ ಗುಂಪಿನಲ್ಲಿ 76, ಇನ್ನೊಂದರಲ್ಲಿ 38. ಕಸಿಯಾದ ಒಬ್ಬ ರೋಗಿ ತೀರಿಕೊಂಡರು.

ಅಳತೆಯನ್ನು ಸ್ವಲ್ಪ ಸಡಿಲಿಸಿ ನೋಡಿದಾಗ ಲಾಭವಿಲ್ಲದೆ ಇರಲಿಲ್ಲ. ಕಸಿಯಾದ ವರ್ಷದ ಮೇಲೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸ್ಟಿರಾಯ್ಡ್ ಇಲ್ಲದೆ ಆರಾಮವಾಗಿದ್ದರು. ಹಾಗಾಗಿ ಮದ್ದಿನ ಪ್ರಮಾಣ ತಗ್ಗಿಸಿದರೆ ಅಪಾಯವೂ ತಗ್ಗೀತೆಂದು ಬ್ರಿಟನ್ನಿನಲ್ಲಿ 'ಆಸ್ಟಿಕ್‌ಲೈಟ್' ಆರಂಭವಾಯಿತು. ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಯಾರೂ ನಿರೀಕ್ಷಿಸದ ಮೂತ್ರಪಿಂಡದ ತೊಂದರೆಗಳು ಕಾಣಿಸಿಕೊಂಡವು, ಸಾವೂ ಸಂಭವಿಸಿತು. ನಿಲ್ಲಿಸುವ ಹೊತ್ತಿಗೆ ಗುಂಪುಗಳಿಗೆ ಹಂಚಿದ್ದು 23 ಮಂದಿಯನ್ನು ಮಾತ್ರ.

ಎರಡನೆಯ ದಾರಿ ಮೆಸೆಂಕೈಮಲ್ ಕೋಶಗಳದ್ದು. ಕೊಬ್ಬಿನಲ್ಲೂ ಅಸ್ಥಿಮಜ್ಜೆಯಲ್ಲೂ ಸಿಗುವ ಇವು ಉರಿಯೂತವನ್ನು ತಣಿಸುವ ರಾಸಾಯನಿಕಗಳನ್ನು ಸೂಸುತ್ತವೆ. ಇಲ್ಲಿ ಕೀಮೊ ಬೇಕಿಲ್ಲ. ಸ್ಪೇನಿನ ಶಸ್ತ್ರವೈದ್ಯ ದಾಮಿಯಾನ್ ಗಾರ್ಸಿಯಾ ಓಲ್ಮೊ 2003ರಲ್ಲಿ ಕ್ರೋನ್ಸ್ ಇದ್ದ ಮಹಿಳೆಯೊಬ್ಬರ ಫಿಸ್ಟುಲಾಕ್ಕೆ ಆಕೆಯದೇ ಕೊಬ್ಬಿನ ಕೋಶಗಳನ್ನು ಚುಚ್ಚಿದ ವರದಿ ಪ್ರಕಟಿಸಿದರು. ದಕ್ಷಿಣ ಕೊರಿಯಾ 2012ರಲ್ಲಿ ರೋಗಿಯ ಸ್ವಂತ ಕೊಬ್ಬಿನ ಕೋಶಗಳ ಕ್ಯುಪಿಸ್ಟೆಮ್‌ಗೆ ಒಪ್ಪಿಗೆ ಕೊಟ್ಟಿತು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಇಂಥ ಕೋಶಗಳನ್ನು ಲೇಪಿಸಿದ ಬಿರಡೆಯನ್ನು ಫಿಸ್ಟುಲಾದೊಳಗೆ ಕೂರಿಸಿ ನೋಡಿದಾಗ 12 ಮಂದಿಯ ಪೈಕಿ 10 ಮಂದಿಗೆ ವಾಸಿಯಾಯಿತೆಂದು 2017ರಲ್ಲಿ ವರದಿಯಾಯಿತು. ಆಲೋಫಿಸೆಲ್ ಕೂಡ ಇದೇ ಕುಲದ್ದು.

ಮೂರನೆಯದು ರಕ್ಷಣಾ ವ್ಯವಸ್ಥೆಗೆ ಕಡಿವಾಣ ಹಾಕುವ ಟಿ ಕೋಶಗಳು. ಅವನ್ನು ರೋಗಿಯ ರಕ್ತದಿಂದ ಆರಿಸಿ, ಬೆಳೆಸಿ, ಮರಳಿ ಕೊಡುವುದು. ಫ್ರಾನ್ಸಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಆರಂಭಿಕ ಪರೀಕ್ಷೆಯಲ್ಲಿ 20 ಮಂದಿಯ ಪೈಕಿ 8 ಮಂದಿಗೆ ಗುಣದ ಸೂಚನೆ ಕಂಡಿತು. ಆದರೆ ಅದರಲ್ಲಿ ಹೋಲಿಸಿ ನೋಡಲು ಹುಸಿಮದ್ದಿನ ಗುಂಪು ಇರಲಿಲ್ಲ. ಈ ದಾರಿ ಇನ್ನೂ ಎಳೆಯದು.

ಹುಸಿಮದ್ದಿನ ಗುಂಪು ಹೊರತಂದ ಸತ್ಯ

12ರಲ್ಲಿ 11, 12ರಲ್ಲಿ 10. ಇಂಥ ಸಂಖ್ಯೆಗಳು ಓದುಗರನ್ನು ಸೆಳೆಯುತ್ತವೆ. ಹೋಲಿಕೆಯ ಗುಂಪು ಬಂದ ಮೇಲೆ ಅವು ಏನಾಗುತ್ತವೆ ಎಂಬುದಕ್ಕೆ ಆಲೋಫಿಸೆಲ್ ಸಾಕ್ಷಿ.

ಅದರ ಮೊದಲ ದೊಡ್ಡ ಪರೀಕ್ಷೆ 'ಅಡ್ಮೈರ್'. ಯುರೋಪಿನ ಏಳು ದೇಶಗಳು ಮತ್ತು ಇಸ್ರೇಲ್‌ನ 49 ಆಸ್ಪತ್ರೆಗಳಲ್ಲಿ 212 ರೋಗಿಗಳು. ಎಲ್ಲರಿಗೂ ಮೊದಲು ಫಿಸ್ಟುಲಾವನ್ನು ಕೆರೆದು ಶುಚಿ ಮಾಡಿ, ಅಗತ್ಯವಿದ್ದವರಿಗೆ ಸೀಟನ್ ಎಂಬ ದಾರ ಹಾಕಿದರು. ಕ್ಷಾರಸೂತ್ರ ಚಿಕಿತ್ಸೆ ಗೊತ್ತಿರುವವರಿಗೆ ದಾರ ಹಾಯಿಸುವ ಕ್ರಮ ಹೊಸದೆನಿಸದು. ಆದರೆ ಇಲ್ಲಿನ ದಾರಕ್ಕೆ ಔಷಧದ ಲೇಪವಿಲ್ಲ, ಕೀವು ಒಳಗೆ ಕಟ್ಟಿಕೊಳ್ಳದೆ ಹೊರಗೆ ಹರಿಯಲಿ ಎಂದಷ್ಟೇ ಅದರ ಉದ್ದೇಶ. ಕೆಲವು ವಾರಗಳ ಮೇಲೆ ದಾರ ತೆಗೆದು, ಒಳಬಾಯಿಗೆ ಹೊಲಿಗೆ ಹಾಕಿ, ಅರ್ಧದಷ್ಟು ಮಂದಿಗೆ ಕೋಶಗಳನ್ನೂ ಅರ್ಧದಷ್ಟು ಮಂದಿಗೆ ಬರೀ ಸಲೈನನ್ನೂ ಚುಚ್ಚಿದರು. ಕೋಶಗಳ ದ್ರವ ನೋಡಿದೊಡನೆ ಗುರುತಾಗುವುದರಿಂದ ಚುಚ್ಚುವ ಶಸ್ತ್ರವೈದ್ಯರಿಗೆ ಗುಟ್ಟು ತಿಳಿದುಹೋಗುತ್ತದೆ. ಹಾಗಾಗಿ ಫಲಿತಾಂಶ ಅಳೆಯುವ ಕೆಲಸವನ್ನು ಯಾರಿಗೆ ಏನು ಕೊಟ್ಟಿದೆಯೆಂದು ತಿಳಿಯದ ಬೇರೆ ವೈದ್ಯರಿಗೆ ವಹಿಸಿದರು. ಹೊರಗಿನ ಬಾಯಿಗಳೆಲ್ಲ ಮುಚ್ಚಿರಬೇಕು; ಎಂಆರ್‌ಐನಲ್ಲಿ 2 ಸೆಂಟಿಮೀಟರಿಗಿಂತ ದೊಡ್ಡ ಕೀವುಗುಳಿ ಕಾಣಬಾರದು. 24ನೇ ವಾರದಲ್ಲಿ ಈ ಅಳತೆ ಮುಟ್ಟಿದವರು ಕೋಶದ ಗುಂಪಿನಲ್ಲಿ ಶೇ 50, ಸಲೈನ್ ಗುಂಪಿನಲ್ಲಿ ಶೇ 34. ಅನುಮತಿ ಸಿಕ್ಕದ್ದು ಈ ಅಂತರದ ಬಲದ ಮೇಲೆ.

ಬೆಲೆ ಮಾತ್ರ ತಲೆತಿರುಗಿಸುವಂತಿತ್ತು. ಬ್ರಿಟನ್ನಿನಲ್ಲಿ ಒಂದು ಸಲದ ಚಿಕಿತ್ಸೆಯ ಪಟ್ಟಿ ಬೆಲೆ 54,000 ಪೌಂಡ್. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2019ರಲ್ಲಿ ಇದನ್ನು ಶಿಫಾರಸು ಮಾಡಲು ಒಪ್ಪಲಿಲ್ಲ.

ಆಮೇಲೆ ಬಂತು 568 ರೋಗಿಗಳ 'ಅಡ್ಮೈರ್ 2'. 2023ರಲ್ಲಿ ಹೊರಬಿದ್ದ ಫಲಿತಾಂಶ: ಕೋಶ ಪಡೆದವರಲ್ಲಿ ಶೇ 48.8, ಸಲೈನ್ ಪಡೆದವರಲ್ಲಿ ಶೇ 46.3. ಕೋಶದ ಗುಂಪಿನ ಫಲ ಮೊದಲಿನಷ್ಟೇ ಇದೆ. ಮೇಲೇರಿದ್ದು ಸಲೈನ್ ಗುಂಪು. ಶುಚಿ ಮಾಡಿ, ದಾರ ಹಾಕಿ, ಒಳಬಾಯಿ ಹೊಲಿದು, ಬಿಡದೆ ಗಮನಿಸಿದ ಶಸ್ತ್ರಚಿಕಿತ್ಸೆಗೇ ಅರ್ಧದಷ್ಟು ಮಂದಿಯ ಫಿಸ್ಟುಲಾ ಮುಚ್ಚುತ್ತದೆಂದರೆ ಕೋಶಗಳ ಕೊಡುಗೆ ಎಷ್ಟು ಎಂಬ ಪ್ರಶ್ನೆ ಏಳುತ್ತದೆ. ಕ್ರೋನ್ಸ್‌ನಲ್ಲಿ ಇಂಥದ್ದು ಇದೇ ಮೊದಲಲ್ಲ. ಅಮೆರಿಕದ ಒಸಿರಿಸ್ ಕಂಪನಿ ಅಸ್ಥಿಮಜ್ಜೆಯ ಕೋಶಗಳನ್ನು ರಕ್ತನಾಳಕ್ಕೆ ಏರಿಸಿ ಕರುಳಿನ ಕ್ರೋನ್ಸ್ ಮೇಲೆ ನಡೆಸುತ್ತಿದ್ದ ಪರೀಕ್ಷೆಗೆ 2009ರಲ್ಲಿ ತಡೆ ಬಿದ್ದದ್ದೂ ಹುಸಿಮದ್ದಿನ ಗುಂಪಿನಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಮಂದಿಗೆ ಗುಣ ಕಂಡದ್ದರಿಂದ.

ಸಲೈನ್ ಪಾಲಿಗೆ ಬಿದ್ದವರು ಮೋಸಹೋದರೆಂದು ಅನೇಕರು ಮರುಗುತ್ತಾರೆ. ನಿಜದಲ್ಲಿ ಜಗತ್ತಿಗೆ ಉತ್ತರ ಕೊಟ್ಟವರು ಅವರು. ಅವರಿಲ್ಲದಿದ್ದರೆ, ಹುಸಿಮದ್ದಿಗಿಂತ ಮೇಲೆಂದು ಖಚಿತವಾಗದ ದುಬಾರಿ ಮದ್ದೊಂದು ಇಂದಿಗೂ ಯುರೋಪಿನಲ್ಲಿ ಮಾರಾಟವಾಗುತ್ತಿತ್ತು. ಅವರಿಗೆ ಸಿಕ್ಕ ಶಸ್ತ್ರಚಿಕಿತ್ಸೆಯೂ ಕಡಿಮೆಯದಲ್ಲ.

ಸೇರಿದವರು ಕೊಡಬೇಕಾದದ್ದು

ಮನಸ್ಸು ಮಾಡಿದ ಮಾತ್ರಕ್ಕೆ ಸೇರಿಸಿಕೊಳ್ಳುವುದಿಲ್ಲ. ಅಡ್ಮೈರ್‌ಗೆ ಬೇಕಾಗಿದ್ದವರು ಫಿಸ್ಟುಲಾ ಇದ್ದರೂ ಕರುಳಿನ ರೋಗ ಹತೋಟಿಯಲ್ಲಿದ್ದವರು. ಒಳಬಾಯಿ ಎರಡಕ್ಕಿಂತ, ಹೊರಬಾಯಿ ಮೂರಕ್ಕಿಂತ ಹೆಚ್ಚಿರಬಾರದು. ಬೇರೆ ಮದ್ದುಗಳು ಫಲ ಕೊಟ್ಟಿರಬಾರದು. ಯೋನಿಗೆ ಹೊಕ್ಕ ಫಿಸ್ಟುಲಾ ಇದ್ದ ಮಹಿಳೆಯರನ್ನು ಸೇರಿಸಿಕೊಳ್ಳಲಿಲ್ಲ. ನಿರಾಕರಿಸಿದರೆಂದು ನೊಂದುಕೊಳ್ಳಬೇಕಿಲ್ಲ. ಪ್ರಶ್ನೆಗೆ ಸ್ಪಷ್ಟ ಉತ್ತರ ಬರಲೆಂದು ಹಾಕಿದ ಬೇಲಿ ಅದು.

ಸೇರಿದ ಮೇಲೆ ರಕ್ತ, ಮಲ, ಕೊಲೊನೊಸ್ಕೋಪಿ, ಎಂಆರ್‌ಐ, ಅರಿವಳಿಕೆಯಲ್ಲಿ ಪರೀಕ್ಷೆ, ತಿಂಗಳುಗಟ್ಟಲೆ ಆಸ್ಪತ್ರೆಯ ಓಡಾಟ. ಕರುಳಿನ ರೋಗವನ್ನು ಅಳೆಯುವ ಪರೀಕ್ಷೆಗಳಲ್ಲಿ ದಿನಚರಿಯನ್ನೂ ಬರೆಯಬೇಕಾಗುತ್ತದೆ. 1976ರಿಂದ ಬಳಕೆಯಲ್ಲಿರುವ ಕ್ರೋನ್ಸ್ ಸೂಚ್ಯಂಕಕ್ಕೆ ಏಳು ದಿನ ಎಷ್ಟು ಸಲ ಭೇದಿಯಾಯಿತು, ಹೊಟ್ಟೆನೋವು ಎಷ್ಟಿತ್ತು, ಒಟ್ಟಾರೆ ಹೇಗನಿಸಿತು ಎಂಬ ಲೆಕ್ಕ ಬೇಕು. ಕೆಲವು ಟ್ರಯಲ್‌ಗಳು ಈಗ ತೆಗೆದುಕೊಳ್ಳುತ್ತಿರುವ ಮದ್ದನ್ನು ನಿಲ್ಲಿಸಲು ಹೇಳುತ್ತವೆ. ಆ ನಡುವೆ ರೋಗ ಕೆರಳಿದರೆ ಯಾರು ನೋಡಿಕೊಳ್ಳುತ್ತಾರೆ ಎಂಬುದು ಮೊದಲೇ ಇತ್ಯರ್ಥವಾಗಬೇಕು. ದಾನಿಯ ಕೋಶ ಪಡೆದ ಕೆಲವರ ದೇಹ ಅದರ ವಿರುದ್ಧ ಪ್ರತಿಕಾಯ ಹುಟ್ಟಿಸುತ್ತದೆ. ಮುಂದೆಂದಾದರೂ ಅಂಗದ ಕಸಿ ಬೇಕಾದರೆ ಇದರಿಂದ ತೊಡಕಾದೀತೆ ಎಂದು ಕೇಳಿ ತಿಳಿಯಬೇಕು. ಕೀಮೊ ಇರುವ ಟ್ರಯಲ್ ಆದರೆ ಸೋಂಕಿನ ಭಯ, ವಾರಗಟ್ಟಲೆ ಪ್ರತ್ಯೇಕ ಕೋಣೆಯ ವಾಸ, ಬಂಜೆತನದ ಸಾಧ್ಯತೆ ಎಲ್ಲವೂ ಇವೆ. ಮದುವೆ, ಮಕ್ಕಳ ಯೋಚನೆಯಲ್ಲಿರುವ ಹರೆಯದವರು ವೀರ್ಯ ಅಥವಾ ಅಂಡ ಸಂಗ್ರಹದ ಮಾತನ್ನು ಮೊದಲೇ ಎತ್ತಬೇಕು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಮನಸ್ಸಿನದು. 1982ರಲ್ಲಿ ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಸಂಗಡಿಗರು ಒಂದು ಭ್ರಮೆಯನ್ನು ಗುರುತಿಸಿದರು: ಟ್ರಯಲ್‌ನಲ್ಲಿ ಪ್ರತಿಯೊಂದನ್ನೂ ತನ್ನೊಬ್ಬನ ಒಳಿತಿಗಾಗಿಯೇ ನಿರ್ಧರಿಸುತ್ತಾರೆಂದು ರೋಗಿ ನಂಬಿರುತ್ತಾನೆ. ವಾಸ್ತವದಲ್ಲಿ ಯಾವ ಗುಂಪು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ಹೇಳುತ್ತದೆ. ಮದ್ದಿನ ಪ್ರಮಾಣವನ್ನು ಮೊದಲೇ ಬರೆದಿಟ್ಟ ವಿಧಿ ಹೇಳುತ್ತದೆ. ನಮ್ಮಲ್ಲಿ ಇನ್ನೊಂದು ಎಳೆಯೂ ಸೇರುತ್ತದೆ. 'ಡಾಕ್ಟರ್ ಹೇಳಿದ ಮೇಲೆ ಆಯ್ತು' ಎಂಬ ನಂಬಿಕೆ. ಚಿಕಿತ್ಸೆಗೆ ಅದು ಸರಿಯಿರಬಹುದು. ಟ್ರಯಲ್‌ಗೆ ಅದು ಸಾಲದು.

ಹಣ ಕೇಳುವ 'ಟ್ರಯಲ್'

ಫ್ಲಾರಿಡಾದ ಕ್ಲಿನಿಕ್ ಒಂದರಲ್ಲಿ ಮೂವರು ಮಹಿಳೆಯರ ಎರಡೂ ಕಣ್ಣಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಒಂದೇ ದಿನ ಚುಚ್ಚಿ, ಅವರು ದೃಷ್ಟಿ ಕಳೆದುಕೊಂಡ ವಿವರ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ತಲಾ 5,000 ಡಾಲರ್ ತೆತ್ತಿದ್ದರು. ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ಆ ಕ್ಲಿನಿಕ್‌ನ ಹೆಸರಿನ ಅಧ್ಯಯನವೊಂದು ಕಾಣುತ್ತಿತ್ತು. ರೋಗ ಬೇರೆಯಾದರೂ ಪಾಠ ಕ್ರೋನ್ಸ್ ರೋಗಿಗೂ ಒಂದೇ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸರ್ಕಾರ ಪರಿಶೀಲಿಸಿ ಒಪ್ಪಿದೆಯೆಂದು ಅರ್ಥವಲ್ಲ.

ನಿಜವಾದ ಟ್ರಯಲ್‌ನಲ್ಲಿ ಪರೀಕ್ಷೆಗಿಟ್ಟ ಮದ್ದಿಗೆ ರೋಗಿ ಹಣ ಕೊಡುವುದಿಲ್ಲ. ಒಂದೇ ಚುಚ್ಚುಮದ್ದಿನಿಂದ ಕ್ರೋನ್ಸ್, ಮಂಡಿನೋವು, ಆಟಿಸಂ, ಮಧುಮೇಹ ಎಲ್ಲವೂ ವಾಸಿಯೆಂದು ಹೇಳುವವರು, ಪ್ಯಾಕೇಜ್ ದರ ಹೇಳುವವರು, ಲಿಖಿತ ವಿಧಿ ತೋರಿಸದವರು ಟ್ರಯಲ್ ನಡೆಸುತ್ತಿಲ್ಲ. ಅವರದು ವ್ಯಾಪಾರ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ

ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತಕ್ಕೆ ಸಂಬಂಧಿಸಿದ ರೋಗಗಳಿಗೆ ಒಪ್ಪಿತವಾದ ಕಸಿಯನ್ನು ಬಿಟ್ಟರೆ, ಆಕರಕೋಶದ ಬೇರೆ ಬಳಕೆಗೆ ಅನುಮತಿ ಪಡೆದ ಟ್ರಯಲ್‌ನಲ್ಲಷ್ಟೇ ಅವಕಾಶ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಆಕರಕೋಶದಿಂದ ತಯಾರಿಸಿದ ಉತ್ಪನ್ನವನ್ನು ಯಾವಾಗಲೂ 'ಹೊಸ ಔಷಧ'ವೆಂದೇ ಎಣಿಸುತ್ತವೆ. ಅಂದರೆ ಕೇಂದ್ರ ಔಷಧ ನಿಯಂತ್ರಕರ ಅನುಮತಿ ಬೇಕೇಬೇಕು. ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಕಂಪನಿಯ ಸ್ಟೆಮ್‌ಪ್ಯೂಸೆಲ್‌ಗೆ 2016ರಲ್ಲಿ ಷರತ್ತಿನ ಅನುಮತಿ ದೊರೆತದ್ದು ಈ ಬಗೆಯ ಪರಿಶೀಲನೆಯ ಮೂಲಕ. ಅದು ಬರ್ಗರ್ ರೋಗದಿಂದ ಕಾಲಿನ ರಕ್ತಸಂಚಾರ ಕಟ್ಟಿಹೋದವರಿಗೆ ಕೊಟ್ಟ ಅನುಮತಿ. ಒಂದು ರೋಗಕ್ಕೆ ಸಿಕ್ಕ ಒಪ್ಪಿಗೆ ಇನ್ನೊಂದಕ್ಕೆ ನಡೆಯುವುದಿಲ್ಲ.

2019ರ ನಿಯಮಗಳು ಸೇರುವವರಿಗೆ ಕೆಲವು ಹಕ್ಕುಗಳನ್ನು ಕೊಟ್ಟಿವೆ. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ. ಲಭ್ಯವಿರುವ ಒಳ್ಳೆಯ ಚಿಕಿತ್ಸೆಯನ್ನು ಕೊಡದೆ ಹುಸಿಮದ್ದಿನ ಮೇಲೆ ಬಿಟ್ಟು ಕೆಡುಕಾದರೂ ಪರಿಹಾರ. ಗಂಭೀರ ಅಡ್ಡಪರಿಣಾಮವನ್ನು ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕು. ಪ್ರತಿ ಟ್ರಯಲ್‌ಗೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದರಲ್ಲಿ ಕಾನೂನು ಬಲ್ಲವರೂ ವೈದ್ಯಕೀಯದ ಹೊರಗಿನ ಸಾಮಾನ್ಯರೂ ಇರಬೇಕು. ಭಾರತದ ಟ್ರಯಲ್ ನೋಂದಣಿ ಪಟ್ಟಿ ಸಿಟಿಆರ್‌ಐ 2007ರಲ್ಲಿ ಆರಂಭವಾಗಿ 2009ರಿಂದ ಕಡ್ಡಾಯವಾಗಿದೆ. ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು.

ಇಲ್ಲಿನ ರೋಗಿಗಳಿಗೆ ಇನ್ನೊಂದು ಎಚ್ಚರವೂ ಬೇಕು. ಕರುಳಿನ ಕ್ಷಯ ಮತ್ತು ಕ್ರೋನ್ಸ್ ನೋಡಲು ಅವಳಿಗಳಂತಿರುತ್ತವೆ. ಎಷ್ಟೋ ಮಂದಿ ಕ್ರೋನ್ಸ್ ಎಂದು ಖಚಿತವಾಗುವ ಮೊದಲು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿರುತ್ತಾರೆ. ರಕ್ಷಣಾ ವ್ಯವಸ್ಥೆಯನ್ನು ಕುಗ್ಗಿಸುವ ಯಾವ ಟ್ರಯಲ್ ಆದರೂ ಅಡಗಿರುವ ಕ್ಷಯವನ್ನು ಎಬ್ಬಿಸಬಹುದು. ರೋಗ ಯಾವುದೆಂಬುದು ಪಕ್ಕಾ ಆಗದೆ ಅತ್ತ ಹೆಜ್ಜೆ ಇಡಬಾರದು.

ಹಾಗಾದರೆ ಸೇರಬೇಕೆ?

ನನ್ನ ಅಭಿಪ್ರಾಯ ಮೂರು ಮಾತಿನಲ್ಲಿದೆ. ಫಿಸ್ಟುಲಾಕ್ಕೆ ಸ್ಥಳೀಯವಾಗಿ ಕೋಶ ಚುಚ್ಚುವ, ಹೋಲಿಕೆಯ ಗುಂಪಿರುವ, ಅನುಮತಿ ಪಡೆದ ಟ್ರಯಲ್ ಆದರೆ ಸೇರುವುದು ಯೋಗ್ಯ. ಈವರೆಗೆ ಕಂಡ ಅಪಾಯ ಕಡಿಮೆ. ಸಲೈನ್ ಪಾಲಿಗೆ ಬಂದರೂ ಒಳ್ಳೆಯ ಶಸ್ತ್ರಚಿಕಿತ್ಸೆಯಂತೂ ಸಿಗುತ್ತದೆ. ಕೀಮೊ ಸಹಿತದ ಕಸಿ ಎಂದಾದರೆ, ಇರುವ ಮದ್ದುಗಳೆಲ್ಲ ಸೋತು ಆಪರೇಷನ್ನಿಗೂ ದಾರಿಯಿಲ್ಲದವರು ಮಾತ್ರ, ಕಸಿಯಲ್ಲಿ ಪಳಗಿದ ದೊಡ್ಡ ಕೇಂದ್ರದಲ್ಲಿ ಮಾತ್ರ ಯೋಚಿಸಬೇಕು. ಬಯಾಲಾಜಿಕ್‌ಗಳನ್ನು ಇನ್ನೂ ಸರಿಯಾಗಿ ಪ್ರಯತ್ನಿಸದವರಿಗೆ ಅದು ತಕ್ಕದ್ದಲ್ಲ. ಕೋಶಕ್ಕೆ ಹಣ ಕೇಳುವ ಕಡೆಗೆ ಹೋಗುವುದೇ ಬೇಡ.

ಸಹಿ ಹಾಕುವ ಮುನ್ನ ಸಮ್ಮತಿ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಮನೆಗೆ ಒಯ್ದು ಮನೆಯವರೊಡನೆ ಕೂತು ಓದಿ. ಟ್ರಯಲ್‌ಗೆ ಸಂಬಂಧವಿಲ್ಲದ ಇನ್ನೊಬ್ಬ ಕರುಳುತಜ್ಞರನ್ನು ಕಾಣಿ. ಸಿಟಿಆರ್‌ಐ ಸಂಖ್ಯೆ ಏನು, ಔಷಧ ನಿಯಂತ್ರಕರ ಅನುಮತಿ ಪತ್ರ ಎಲ್ಲಿದೆ, ಹುಸಿಮದ್ದಿನ ಪಾಲು ಎಷ್ಟು, ಈಗಿನ ಮದ್ದು ನಿಲ್ಲಿಸಬೇಕೆ, ಹಾನಿಯಾದರೆ ಯಾರಿಗೆ ಫೋನ್ ಮಾಡಬೇಕು, ಪ್ರಯಾಣದ ಖರ್ಚು ಯಾರದು, ಮದ್ದು ಫಲ ಕೊಟ್ಟರೆ ಟ್ರಯಲ್ ಮುಗಿದ ಮೇಲೂ ಸಿಗುತ್ತದೆಯೆ ಎಂದು ಕೇಳಿ. ಇವಕ್ಕೆ ಬೇಸರಿಸದೆ ಉತ್ತರ ಕೊಡುವವರನ್ನು ಮಾತ್ರ ನಂಬಿ. ಸೇರಿದ ಮೇಲೂ ಯಾವ ದಿನ ಬೇಕಾದರೂ, ಕಾರಣ ಹೇಳದೆಯೂ, ಹೊರಗೆ ಬರುವ ಹಕ್ಕು ನಿಮಗಿದೆ. ಅದರಿಂದ ನಿಮಗೆ ಸಿಗಬೇಕಾದ ಮಾಮೂಲು ಚಿಕಿತ್ಸೆಗೆ ಚ್ಯುತಿ ಬರಬಾರದು.